ಕೆಂಪಿಯ ಎಣ್ಣೆ ಸ್ನಾನ

ನಮ್ಮನೆಯಲ್ಲಿ ಹುಲ್ಲು ತಿನ್ನುವ ಪ್ರಾಣಿ ಅಂತ ಇರುವುದು ಒಂದೇ. ಹೆಸರು ಕೆಂಪಿ. ತೂಕ ಸುಮಾರು 200 ಕಿಲೋ, ನಾಲ್ಕು ಚಕ್ರ, ಒಂದು ಸೀಟು. ಅಮೆರಿಕದ ಮಿನಿಯಾಪೊಲಿಸ್ ಹೊರವಲಯದಲ್ಲಿ ಮನೆ ಕೊಂಡಾಗ ಅರ್ಧ ಎಕರೆ ಹುಲ್ಲೂ ಜೊತೆಗೇ ಬಂತು. ಅದನ್ನು ಕತ್ತರಿಸಲು ತಳ್ಳುವ ಮಷಿನ್ ಹಿಡಿದು ಒಂದು ಬೇಸಿಗೆ ಒದ್ದಾಡಿದೆ. ಸೊಂಟ ಹಿಡಿದುಕೊಂಡ ಮೇಲೆ ಕೂತು ಓಡಿಸುವ ಈ ಕೆಂಪು ಮೋವರ್ ತಂದೆವು. ಸಾಗರದ ಹತ್ತಿರದ ನಮ್ಮೂರಲ್ಲಿ ಅಪ್ಪ ಫೋಟೊ ನೋಡಿ, "ಕೆಂಪಿ ಲಕ್ಷಣವಾಗಿದಾಳೆ, ಹಾಲು ಎಷ್ಟು ಕೊಡ್ತಾಳೆ?" ಅಂದರು. ಹೆಸರು ಅಂಟಿಕೊಂಡಿತು.

ಕೆಂಪಿಗೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಕೆಲಸ. ಆಮೇಲೆ ಶೆಡ್ಡಿನಲ್ಲಿ ಆರು ತಿಂಗಳ ನಿದ್ದೆ. ಅವಳನ್ನು ಮಲಗಿಸುವುದಕ್ಕೂ ಒಂದು ಶಾಸ್ತ್ರ ಇದೆ ಅಂತ ಮೊದಲ ವರ್ಷ ನನಗೆ ಗೊತ್ತಿರಲಿಲ್ಲ. ಸುಮ್ನೆ ಒಳಗೆ ನುಗ್ಗಿಸಿ ಬಾಗಿಲು ಹಾಕಿ ಬಂದೆ. ಏಪ್ರಿಲ್ ಕೊನೆಗೆ ಕೀ ತಿರುಗಿಸಿದರೆ ಸದ್ದೇ ಇಲ್ಲ. ಚಾರ್ಜ್ ಇಳಿದ ಬ್ಯಾಟರಿ ಚಳಿಗೆ ಹೆಪ್ಪುಗಟ್ಟಿ ಬಿರುಕು ಬಿಟ್ಟಿತ್ತು. ಹೊಸದು ಹಾಕಿದರೂ ಎಂಜಿನ್ ಏಳಲಿಲ್ಲ. ನಿಂತ ಪೆಟ್ರೋಲು ಕಾರ್ಬ್ಯುರೇಟರಿನೊಳಗೆ ಗೋಂದಿನ ಹಾಗೆ ಕೂತಿತ್ತು. ಎರಡನೇ ವರ್ಷ ಇಲಿ. ಎಂಜಿನ್ ಮುಚ್ಚಳದ ಕೆಳಗೆ ಸಂಸಾರ ಹೂಡಿ, ಸೀಟಿನ ಸ್ಪಂಜನ್ನು ಹಾಸಿಗೆ ಮಾಡಿಕೊಂಡು, ಹೊತ್ತು ಹೋಗದಿದ್ದಾಗ ವೈರು ಕಡಿದಿತ್ತು. ಎರಡೂ ವರ್ಷ ರಿಪೇರಿಗೆ ಕೊಟ್ಟ ದುಡ್ಡಿಗೆ ನಿಜವಾದ ಕೆಂಪಿಯೇ ಬರುತ್ತಿದ್ದಳು, ಕರುವಿನ ಸಮೇತ.

ಹಾಗಾಗಿ ಮೂರನೇ ವರ್ಷ ಮ್ಯಾನ್ಯುಯಲ್ ಓದಿದೆ. ಗಂಡಸಾದವನು ಮ್ಯಾನ್ಯುಯಲ್ ಓದುವ ಸ್ಥಿತಿ ಬರಬಾರದು, ಬಂತು.

ದೀಪಾವಳಿಯ ವಾರ. ಹಬ್ಬ ವಾರದ ನಡುವೆ ಬಂದಿದ್ದರಿಂದ ಎಣ್ಣೆ ಸ್ನಾನವನ್ನು ಶನಿವಾರಕ್ಕೆ ಮುಂದೂಡಿದ್ದೆವು. ಇಲ್ಲಿ ನರಕಾಸುರನೂ ವೀಕೆಂಡ್‌ವರೆಗೆ ಕಾಯಬೇಕು. ಅದೇ ಶನಿವಾರ ರಾತ್ರಿ ಹಿಮ ಬೀಳುತ್ತದೆ ಅಂತ ಸುದ್ದಿ. ಪಕ್ಕದ ಮನೆಯ ತಾತ ಬೇಲಿಯಾಚೆಯಿಂದ 1991ರ ಕಥೆ ಶುರು ಮಾಡಿದರು. ಆ ವರ್ಷ ಹ್ಯಾಲೋವೀನ್ ದಿನ ಹಿಡಿದ ಹಿಮ ನಿಲ್ಲುವಷ್ಟರಲ್ಲಿ ಇಲ್ಲಿ 28 ಇಂಚಿಗೂ ಜಾಸ್ತಿ ಬಿದ್ದಿತ್ತು. ಅವರ ಮೋವರ್ ಅಂಗಳದಲ್ಲೇ ಹೂತುಹೋಗಿತ್ತಂತೆ. ಈ ಕಥೆ ಪ್ರತಿ ವರ್ಷ ಕೇಳುತ್ತೇನೆ. ಪ್ರತಿ ವರ್ಷವೂ ಹೆದರುತ್ತೇನೆ.

"ಎಣ್ಣೆ ಹಚ್ಚಿಕೊಳ್ಳಿ, ಆಮೇಲೆ ಏನು ಬೇಕಾದ್ರೂ ಮಾಡಿ" ಅಂದಳು ಹೆಂಡತಿ.

"ಹತ್ತೇ ನಿಮಿಷ" ಅಂತ ಹೊರಗೆ ಹೋದೆ.

ಮೊದಲು ಬ್ಯಾಟರಿ ಬಿಚ್ಚಿದೆ. ನೆಗೆಟಿವ್ ಮೊದಲು, ಆಮೇಲೆ ಪಾಸಿಟಿವ್. ಬೇಸ್‌ಮೆಂಟಿಗೆ ಹೊತ್ತು ಅಕ್ಕಿ ಮೂಟೆಯ ಪಕ್ಕ ಚಾರ್ಜರಿಗೆ ಹಾಕಿದೆ. ಬಹಳ ಹೆಮ್ಮೆಯಾಯಿತು. ಮ್ಯಾನ್ಯುಯಲ್ಲಿನ ಮುಂದಿನ ಸಾಲು: ಪೆಟ್ರೋಲು ಕೆಡದ ಹಾಗೆ ಅದಕ್ಕೆ ಸ್ಟೆಬಿಲೈಸರ್ ಬೆರೆಸಿ, ಅದು ಕಾರ್ಬ್ಯುರೇಟರ್ ತಲುಪುವ ಹಾಗೆ ಎಂಜಿನ್ ಹತ್ತು ನಿಮಿಷ ಓಡಿಸಿ.

ಬ್ಯಾಟರಿ ಮತ್ತೆ ಮೇಲೆ ಬಂತು.

ಅಷ್ಟರಲ್ಲಿ ಅಪ್ಪನ ವಿಡಿಯೊ ಕಾಲ್. ಅವರು ಅಡಿಕೆ ತೋಟದವರು. ಮಳೆಗಾಲದಲ್ಲಿ ಅಡಿಕೆ ಗೊನೆಗಳಿಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆದು ಮುಗಿದ ಮೇಲೆ ಮಷಿನ್ ಎತ್ತಿಡುವ ವಿದ್ಯೆಯಲ್ಲಿ ಪಳಗಿದವರು. "ಆ ಬಾಟಲಿ ಔಷಧಿ ಎಲ್ಲ ಬೇಡ ಮಾರಾಯ. ಪೆಟ್ರೋಲು ಪೂರ್ತಿ ಖಾಲಿ ಮಾಡು. ಅದರಲ್ಲಿ ಎಥನಾಲ್ ಬೆರೆಸಿರ್ತಾರೆ, ತೇವ ಎಳ್ಕೊಳ್ಳುತ್ತೆ" ಅಂದರು. ಮಾತು ಸರಿ. ಇಲ್ಲಿನ ಪೆಟ್ರೋಲಲ್ಲಿ ಸಾಮಾನ್ಯವಾಗಿ ಶೇಕಡಾ 10 ಎಥನಾಲ್. ಅಪ್ಪನ ಬಂಕಿನಲ್ಲಿ ಈಗ 20. ಆದರೆ ಬಾಟಲಿಗೆ ದುಡ್ಡು ಕೊಟ್ಟಾಗಿತ್ತಲ್ಲ! ಸುರಿದೇ ಬಿಟ್ಟೆ. "ನಿನ್ನಿಷ್ಟ" ಅಂದರು ಅಪ್ಪ. ಅವರ ನಿಘಂಟಿನಲ್ಲಿ ಅದರ ಅರ್ಥ ಬೇರೆ.

ಎಂಜಿನ್ ಬಿಸಿಯಿದ್ದಾಗಲೇ ಆಯಿಲ್ ಇಳಿಸಬೇಕು, ಸಲೀಸಾಗಿ ಇಳಿಯುತ್ತದೆ. ಒಂದೂವರೆ ಲೀಟರ್ ಅಷ್ಟು ಸಲೀಸಾಗಿ ಇಳಿಯುತ್ತದೆ ಅಂತ ಮಾತ್ರ ನನಗೆ ಅಂದಾಜಿರಲಿಲ್ಲ. ನಟ್ಟು ಕೈ ಜಾರಿ ಬೋಗುಣಿಯೊಳಗೆ ಬಿತ್ತು. ಅದನ್ನು ಹಿಡಿಯಲು ಬಗ್ಗಿದವನ ಮುಂಗೈ, ಎದೆ, ತಲೆ ಎಲ್ಲದಕ್ಕೂ ಆಯಿಲ್. ಅಪ್ಪ ಫೋನಿನಲ್ಲಿ ನೋಡುತ್ತಲೇ ಇದ್ದರು. "ಅಂತೂ ಎಣ್ಣೆ ಹಚ್ಕೊಂಡ್ಯಲ್ಲ" ಅಂದರು.

ಆಮೇಲೆ ಹೊಟ್ಟೆ ತೊಳೆಯುವ ಕೆಲಸ. ಮುಂದಿನ ಚಕ್ರ ಇಳಿಜಾರು ಹಲಗೆಗೆ ಹತ್ತಿಸಿ ಕೆಳಗೆ ತೂರಿದರೆ, ಇಡೀ ಬೇಸಿಗೆಯ ಹುಲ್ಲು ಬ್ಲೇಡಿನ ಸುತ್ತ ಸಗಣಿಯ ಹಾಗೆ ಮೆತ್ತಿಕೊಂಡಿತ್ತು. ವಾಸನೆಯೂ ಹೆಚ್ಚುಕಡಿಮೆ ಅದೇ. ಬಿಟ್ಟರೆ ತೇವಕ್ಕೆ ತಗಡು ತುಕ್ಕು ಹಿಡಿಯುತ್ತದೆ. ದೋಸೆ ಮಗುಚುವ ಸಟ್ಟುಗದಿಂದ ಕೆರೆದೆ. (ಹಳೆಯದು. ಹಳೆಯದು ಅಂತ ನಾನು ಅಂದುಕೊಂಡಿದ್ದು.) ಪೈಪ್ ಹಿಡಿದು ತೊಳೆದೆ. ಊರಲ್ಲಿ ಬಲಿಪಾಡ್ಯಮಿಗೆ ದನದ ಮೈ ತೊಳೆಯುವಾಗ ಬಾಲದಿಂದ ಹೊಡೆಸಿಕೊಳ್ಳುತ್ತಿದ್ದೆ. ಕೆಂಪಿ ಆ ವಿಷಯದಲ್ಲಿ ಸಾಧು. ಮಗಳು ಓಡಿ ಬಂದು ಸ್ಟಿಯರಿಂಗಿಗೆ ಚೆಂಡು ಹೂವಿನ ಹಾರ ಹಾಕಿದಳು. ಪ್ಲಾಸ್ಟಿಕ್ಕಿನದು, ಆದರೇನು. ಅತ್ತ ಅಮ್ಮ ಫೋನಿಗೇ ಆರತಿ ಎತ್ತಿದರು.

ಕೊನೆಗೆ ಸ್ಪಾರ್ಕ್ ಪ್ಲಗ್. ಬಿಚ್ಚಿ, ಸಿಲಿಂಡರಿನೊಳಗೆ ಒಂದು ಚಮಚ ಆಯಿಲ್ ಬಿಟ್ಟು, ಮತ್ತೆ ಹಾಕಬೇಕು. ಬಿಚ್ಚಿದೆ. ಆಯಿಲ್ ಬಿಟ್ಟೆ. ಇಲಿಗೆ ಅಂತ ಸೀಟಿನ ಕೆಳಗೆ ನುಸಿಗುಳಿಗೆ ಇಟ್ಟೆ. ಮತ್ತೆ ಬ್ಯಾಟರಿ ಇಳಿಸಿ ಬೇಸ್‌ಮೆಂಟಿಗೆ ಹೊತ್ತೆ. ಶೆಡ್ಡಿಗೆ ಓಡಿಸಿಕೊಂಡು ಹೋಗೋಣ ಅಂತ ಸೀಟಿನ ಮೇಲೆ ಕೂತು ಕೀ ತಿರುಗಿಸಿದ ಮೇಲೆ ಹೊಳೆಯಿತು, ಇನ್ನು ತಳ್ಳುವುದೊಂದೇ ದಾರಿ. ನಾನು, ಹೆಂಡತಿ, ತಾತ, ಮೂವರೂ ಸೇರಿ ದಿಣ್ಣೆ ಹತ್ತಿಸಿದೆವು. ತಾತ ಏದುಸಿರಲ್ಲೂ 1991ರ ಬಗ್ಗೆ ಇನ್ನೆರಡು ಮಾತು ಹೇಳಿದರು.

ಒಳಗೆ ಬಂದಾಗ ಕತ್ತಲಾಗಿತ್ತು. ಹೆಂಡತಿ ನನ್ನ ಜಾಕೆಟ್ ಎರಡು ಬೆರಳಲ್ಲಿ ಎತ್ತಿ ವಾಷಿಂಗ್ ಮಷಿನ್ನಿಗೆ ಹಾಕಿ, ಬಿಸಿನೀರಿನ ಬಟನ್ ಒತ್ತಿದಳು. ನಾನು ಕಾಫಿ ಹಿಡಿದು ಕೂತೆ. ಮಷಿನ್ನಿನೊಳಗಿಂದ ಟಕ್, ಟಕ್, ಟಕ್ ಅಂತ ಸದ್ದು.

"ಜೇಬಲ್ಲಿ ಏನ್ರೀ ಇತ್ತು?"

ಪ್ಲಗ್ ಹೊರಗೆ ಬಂದಾಗ ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು. ಟಾರ್ಚ್ ಹಿಡಿದು ಶೆಡ್ಡಿಗೆ ಹೋಗಿ ಹಾಕಿ ಬರುವಾಗ, ಬೆಳಿಗ್ಗೆ ನಾನೇ ಸುರಿದ ನೀರು ಡ್ರೈವ್‌ವೇ ಮೇಲೆ ಗಾಜಾಗಿತ್ತು. ಜಾರಿ ಬಿದ್ದೆ. ಅದನ್ನು ವಿವರಿಸುವುದು ಬೇಡ.

ಕೆಂಪಿಗೆ ಆಯಿತು, ಮಕ್ಕಳಿಗೆ ಆಯಿತು, ಪ್ಲಗ್ಗಿಗೂ ಆಯಿತು. ನಾನು ಟವೆಲ್ ಹೆಗಲಿಗೆ ಹಾಕಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಬಿಸಿನೀರು ಖಾಲಿ.