ಫಾಟಕ ಮುಚ್ಚಿದ್ರೆ ಸಾಕಾ, ದಾರಿ ಬೇಡ್ವಾ?

ಮುಂಬೈಯಲ್ಲಿ ಯಾರಾದರೂ ಹಳಿ ದಾಟುವಾಗ ಸತ್ತರೆ ವಾಟ್ಸಾಪ್‌ನಲ್ಲಿ ಬರುವ ಮಾತು ಒಂದೇ: "ಬ್ರಿಡ್ಜ್ ಇರುವಾಗ ಇವರಿಗೆ ಹಳಿ ಮೇಲೆ ಏನು ಕೆಲಸ?" ನಮ್ಮ ಡೊಂಬಿವಲಿ ಕನ್ನಡಿಗರ ಗುಂಪಿನಲ್ಲೂ ಇದೇ ಕಥೆ. ಹೀಗೆ ಹೇಳುವವರಲ್ಲಿ ಎಷ್ಟು ಜನ ತಾವೇ ಹಳಿ ದಾಟಿದ್ದಾರೋ, ಅದು ಬೇರೆ ಮಾತು ಬಿಡಿ.

ಆ ಬ್ರಿಡ್ಜ್ ಯಾರಿಗಾಗಿ ಕಟ್ಟಿದ್ದು ಅಂತ ಮೊದಲು ನೋಡಬೇಕು ಅಲ್ವಾ?

ದಿವಾ ಸ್ಟೇಷನ್ ಹತ್ತಿರದ ಫಾಟಕದ, ಅಂದರೆ ರಸ್ತೆ ಹಳಿ ದಾಟುವ ಕಡೆ ಇರುವ ರೈಲ್ವೆ ಗೇಟಿನ ಗೋಳು, ಮುಂಬೈ ಲೋಕಲ್‌ನ ಸೆಂಟ್ರಲ್ ಲೈನಿನವರಿಗೆ ಹೊಸದಲ್ಲ. ಗೇಟ್ ಪೂರ್ತಿ ಇಳಿದು ಲಾಕ್ ಆಗದೆ ರೈಲಿಗೆ ಸಿಗ್ನಲ್ ಬೀಳುವುದಿಲ್ಲ. ಒಳ್ಳೆಯ ವ್ಯವಸ್ಥೆಯೇ. ಆದರೆ ಗೇಟ್ ಇಳಿಯುವಾಗ ಒಂದು ರಿಕ್ಷಾ ನುಗ್ಗುತ್ತದೆ, ಅದರ ಬೆನ್ನಿಗೆ ಬೈಕುಗಳು. ಗೇಟ್‌ಮನ್ ಏನು ಮಾಡಬೇಕು? ಲೋಕಲ್ ಹೊರಗೇ ನಿಲ್ಲುತ್ತದೆ, ಅದರ ಹಿಂದಿನದ್ದೂ ನಿಲ್ಲುತ್ತದೆ. ಇಂಥ ಕಡೆ ಫಾಟಕ ತೆಗೆದು ಮೇಲ್ಸೇತುವೆ ಕಟ್ಟಬೇಕು, ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ಏನಾಗುತ್ತದೆ ನೋಡಿ. ಸೇತುವೆ ಶುರುವಾಗುವುದು ಎಲ್ಲೋ, ಇಳಿಯುವುದು ಇನ್ನೆಲ್ಲೋ. ಕಾರಿಗೆ ಅದು ಎರಡು ನಿಮಿಷ. ಕೈಯಲ್ಲಿ ತರಕಾರಿ ಚೀಲ, ಮಂಡಿ ನೋವು ಇರುವ ಅಜ್ಜಿಗೆ? ಹಳೆ ಫಾಟಕದ ಜಾಗದಲ್ಲಿ ಗೋಡೆ ಎದ್ದರೂ ಸ್ವಲ್ಪ ದಿನಕ್ಕೆ ಅದರಲ್ಲೊಂದು ತೂತು ಬೀಳುತ್ತದೆ. ಮೊದಲು ಗೇಟ್‌ಮನ್ ಆದರೂ ಇದ್ದ. ಈಗ ಅವನೂ ಇಲ್ಲ.

ದಂಡ ಹಾಕಿ ಅನ್ನುವವರಿಗೆ: ಕಾನೂನು ಆಗಲೇ ಇದೆ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಕ್ರಮವಾಗಿ ಹಳಿ ಮೇಲೆ ಹೋದರೆ 6 ತಿಂಗಳ ತನಕ ಜೈಲು, ಇಲ್ಲವೇ 1,000 ರೂಪಾಯಿ ತನಕ ದಂಡ, ಎರಡೂ ಆಗಬಹುದು. ಆದರೂ 2012ರಲ್ಲಿ ರೈಲ್ವೆ ಸುರಕ್ಷತೆ ಕುರಿತ ಅನಿಲ್ ಕಾಕೋಡ್ಕರ್ ಸಮಿತಿ ಕೊಟ್ಟ ಲೆಕ್ಕ ಹೀಗಿತ್ತು: ದೇಶದಲ್ಲಿ ಹಳಿ ಮೇಲೆ ಹೋಗಿ ಸಾಯುವವರು ವರ್ಷಕ್ಕೆ ಸುಮಾರು 15,000, ಅದರಲ್ಲಿ ಮುಂಬೈ ಲೋಕಲ್ ಲೈನಿನಲ್ಲೇ ಸುಮಾರು 6,000. ಐದು ವರ್ಷದಲ್ಲಿ ಎಲ್ಲ ಲೆವೆಲ್ ಕ್ರಾಸಿಂಗ್ (ಅಂದರೆ ಇಂಥ ಫಾಟಕ) ತೆಗೆಯಿರಿ ಅಂತಲೂ ಅದೇ ಸಮಿತಿ ಹೇಳಿತ್ತು.

ಇನ್ನು, ಸತ್ತವರೆಲ್ಲ ಉಡಾಫೆ ಜನ ಅನ್ನುವುದೂ ತಪ್ಪು. ದೊಡ್ಡ ವಸ್ತು ಎದುರಿಂದ ಬರುವಾಗ ಅದರ ವೇಗ ನಮ್ಮ ಕಣ್ಣಿಗೆ ಕಡಿಮೆ ಕಾಣುತ್ತದೆ. ಅದರ ಜೊತೆ ಸ್ಲೋ ಲೋಕಲ್ ಮರೆಯಲ್ಲಿ ಫಾಸ್ಟ್ ಬರುತ್ತಿದ್ದರೆ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಮುಂಬೈಯ ವಡಾಲಾದಲ್ಲಿ ಫೈನಲ್‌ಮೈಲ್ ಎಂಬ ಸಂಸ್ಥೆಯವರು ಇದನ್ನೇ ಹಿಡಿದು ಒಂದು ಪ್ರಯೋಗ ಮಾಡಿದ್ದರು. ಹಳಿ ಕೆಳಗಿನ ಅಡ್ಡಪಟ್ಟಿಗಳಲ್ಲಿ (ಸ್ಲೀಪರ್) ಕೆಲವಕ್ಕೆ ಹಳದಿ ಬಣ್ಣ ಬಳಿದರು, ರೈಲು ಅವುಗಳನ್ನು ನುಂಗುತ್ತಾ ಬರುವಾಗ ವೇಗ ಗೊತ್ತಾಗಲಿ ಅಂತ. ಒಂದೇ ಉದ್ದ ಸೀಟಿಯ ಬದಲು ಎರಡು ಚಿಕ್ಕ ಸೀಟಿ. ರೈಲಿಗೆ ಸಿಗುತ್ತಿರುವ ಮನುಷ್ಯನ ಹೆದರಿದ ಮುಖದ ಫೋಟೋ. ಅಲ್ಲಿ ಸಾವು ಕಡಿಮೆಯಾಯಿತು. ಖರ್ಚೂ ಅಂಥದ್ದೇನಿಲ್ಲ, ಬಣ್ಣದ ಡಬ್ಬಕ್ಕೆ ಟೆಂಡರ್ ಕರೆಯುವುದೇ ಹೆಚ್ಚು ಖರ್ಚಿರಬೇಕು!

ಬಣ್ಣ ಬಳಿದು ಕೈ ತೊಳೆದುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಮೇಲ್ಸೇತುವೆಯ ನಕ್ಷೆಯಲ್ಲೇ ನಡೆಯುವವರ ದಾರಿಯೂ ಇರಬೇಕು, ಅದೂ ಜನ ಈಗ ದಾಟುವ ಜಾಗದಲ್ಲೇ. ಎಸ್ಕಲೇಟರ್ ಅಥವಾ ಲಿಫ್ಟ್ ಇರಬೇಕು, ಕೆಟ್ಟರೆ ಅದೇ ವಾರ ರಿಪೇರಿ ಆಗಬೇಕು. ಈ ದಾರಿ ಜನರಿಗೆ ತೆರೆದ ಮೇಲೆಯೇ ಫಾಟಕ ಮುಚ್ಚಬೇಕು. ನಿಮ್ಮ ಸ್ಟೇಷನ್ ಹತ್ತಿರ ಸೇತುವೆ ಕೆಲಸ ನಡೆಯುತ್ತಿದ್ದರೆ ಇವತ್ತೇ ಹೋಗಿ ಕೇಳಿ, ಮೆಟ್ಟಿಲು ಎಲ್ಲಿ ಬರುತ್ತದೆ ಅಂತ. ಕಾಂಕ್ರೀಟ್ ಹಾಕಿದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ.