ಸತ್ಯಂ ವದ, ಆಮೇಲೆ?

"ಇದು ಅಂತ್ಯವಲ್ಲ, ಆರಂಭ" ಎಂದು ಘಟಿಕೋತ್ಸವದ ಮುಖ್ಯ ಅತಿಥಿಗಳು ಧ್ವನಿಯೇರಿಸಿ ಹೇಳಿದಾಗ, ಪದವಿ ಬಂದರೆ ಬದುಕೇ ಮುಗಿಯಿತೆಂದು ಸಭಾಂಗಣದಲ್ಲಿ ಯಾರಾದರೂ ಹೆದರಿ ಕುಳಿತಿದ್ದಾರೆಯೇ ಎಂದು ನಾನು ಸುತ್ತ ನೋಡಿದೆ. ಅಂಥವರು ಯಾರೂ ಕಾಣಲಿಲ್ಲ. ಪದವೀಧರರು ಬಾಡಿಗೆಯ ಗೌನಿನೊಳಗೆ ಬೆವರುತ್ತಾ ಒಬ್ಬರ ಫೋಟೋ ಒಬ್ಬರು ತೆಗೆಯುತ್ತಿದ್ದರು. ಹಿಂದಿನ ಸಾಲುಗಳಲ್ಲಿದ್ದ ನಾವು, ಅಂದರೆ ಅಪ್ಪ, ಅಮ್ಮ, ಸೋದರಮಾವ ವರ್ಗದವರು, ಮೊದಲೇ ಹಂಚಿದ್ದ ಭಾಷಣದ ಮುದ್ರಿತ ಪ್ರತಿಯಲ್ಲಿ ಇನ್ನೆಷ್ಟು ಪುಟ ಉಳಿದಿದೆಯೆಂದು ನೋಡಿಕೊಳ್ಳುತ್ತಿದ್ದೆವು. ಅತಿಥಿಗಳು ನಡುವೆ ಎರಡು ಪುಟ ಹಾರಿಸಿದಾಗ ಸಭೆಯ ತುಂಬ ಹಾಳೆಗಳು ಒಟ್ಟಿಗೆ ಮಗುಚಿದ ಸದ್ದಾಯಿತು. ಅಂದಿನ ಮನಃಪೂರ್ವಕ ಕರತಾಡನವೆಂದರೆ ಅದೊಂದೇ.

ಯಕ್ಷಗಾನದಲ್ಲಿ ಒಡ್ಡೋಲಗವಾಗದೆ ಪ್ರಸಂಗ ಮುಂದೆ ಸಾಗದಂತೆ ಈ ಭಾಷಣಕ್ಕೂ ಕಟ್ಟಳೆಗಳುಂಟು. ಕುಲಾಧಿಪತಿಗಳಾದ ರಾಜ್ಯಪಾಲರಿಂದ ಹಿಡಿದು ಸಿಂಡಿಕೇಟ್ ಸದಸ್ಯರವರೆಗೆ ಎಲ್ಲರನ್ನೂ ಸಂಬೋಧಿಸಿದ ಮೇಲೆಯೇ, ಯಾರಿಗಾಗಿ ಶಾಮಿಯಾನ ಹಾಕಿದ್ದಾರೋ ಆ ವಿದ್ಯಾರ್ಥಿಗಳ ಸರದಿ. ಭಾಷಣಕಾರರು ಹೊರಗಿನವರಾದಷ್ಟೂ ಶೋಭೆ ಹೆಚ್ಚು. 1918ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಘಟಿಕೋತ್ಸವಕ್ಕೂ ಕಲ್ಕತ್ತೆಯಿಂದ, ಅಲ್ಲಿನ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಆಶುತೋಷ ಮುಖರ್ಜಿಯವರು ಬಂದಿದ್ದರು. ಮುಂದೆ ಪಾಲಕರ ತ್ಯಾಗ, ಯುವಭಾರತ, ದೊಡ್ಡ ಕನಸು. 2005ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ, ಕಾಲೇಜನ್ನು ಅರ್ಧಕ್ಕೇ ಬಿಟ್ಟ ಸ್ಟೀವ್ ಜಾಬ್ಸ್ ತಮ್ಮ ಬದುಕಿನ ಮೂರು ಕಥೆ ಹೇಳಿ ಹೋದ ಮೇಲೆ, ನಮ್ಮವರಿಗೂ ಒಂದು ಸೋಲಿನ ಕಥೆ ಕಡ್ಡಾಯವಾದಂತಿದೆ. ಸೋಲು ಒಳ್ಳೆಯದೆಂದು ಗೆದ್ದವರು ಪಾಸಾದವರಿಗೆ ಹೇಳುತ್ತಾರೆ. ಫೇಲಾದ ಹುಡುಗನಿಗೆ ಆಮಂತ್ರಣವೇ ಇರುವುದಿಲ್ಲ.

ಇಷ್ಟನ್ನೂ ಸಹಿಸಿಕೊಂಡೇನು. ಸಹಿಸಲಾಗದ್ದು, ತೈತ್ತಿರೀಯ ಉಪನಿಷತ್ತಿನಿಂದ "ಸತ್ಯಂ ವದ, ಧರ್ಮಂ ಚರ" ಎಂದು ಎರಡು ತುಣುಕು ಕಿತ್ತುಕೊಂಡು, ಉಳಿದದ್ದನ್ನು ಅಲ್ಲೇ ಬಿಟ್ಟು ಓಡುವ ಚಾಳಿ. ಅದರ ಮೊದಲ ಭಾಗವಾದ ಶೀಕ್ಷಾವಲ್ಲಿಯ ಹನ್ನೊಂದನೆಯ ಅನುವಾಕ, ಅಂದರೆ ಖಂಡ, ಅದು. ವೇದಾಧ್ಯಯನ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಹೇಳುವ ಮಾತು, ಆದ್ದರಿಂದ ನಮ್ಮ ಪಾಲಿನ ಮೂಲ ಘಟಿಕೋತ್ಸವ ಭಾಷಣ. ಪಠಿಸಲು ಕೆಲವೇ ನಿಮಿಷ ಸಾಕು. ಗುರು ಇಷ್ಟವಾದ ಧನವನ್ನು ಆಚಾರ್ಯನಿಗೆ ತಂದುಕೊಡು ಎನ್ನುತ್ತಾನೆ; ಘಟಿಕೋತ್ಸವ ಶುಲ್ಕದ ರೂಪದಲ್ಲಿ ಇದೊಂದನ್ನು ಮಾತ್ರ ನಾವು ಚಾಚೂ ತಪ್ಪದೆ ಪಾಲಿಸುತ್ತಿದ್ದೇವೆ. ಸಂತತಿಯ ಎಳೆ ಕಡಿಯಬೇಡ ಎನ್ನುತ್ತಾನೆ. ಕ್ಷೇಮವನ್ನೂ ಸಂಪತ್ತನ್ನೂ ಅಲಕ್ಷಿಸಬೇಡ ಎನ್ನುತ್ತಾನೆ. ಲಕ್ಷಗಟ್ಟಲೆ ಶುಲ್ಕ ತೆತ್ತು ಕುಳಿತ ಮಕ್ಕಳಿಗೆ "ಹಣವೇ ಮುಖ್ಯವಲ್ಲ" ಎನ್ನುವ ಬೂಟಾಟಿಕೆ ಅವನಲ್ಲಿಲ್ಲ. ಕೊಡುವುದಾದರೆ ಶ್ರದ್ಧೆಯಿಂದ ಕೊಡು, ನಾಚಿಕೆಯಿಂದಲೂ ಕೊಡು, ಭಯದಿಂದಲೂ ಕೊಡು ಎನ್ನುವಾಗ, ಮನುಷ್ಯ ಸುಮ್ಮನೆ ಕೈಬಿಚ್ಚುವ ಪ್ರಾಣಿಯಲ್ಲವೆಂಬುದು ಅವನಿಗೆ ಗೊತ್ತಿರುವುದು ಕಾಣುತ್ತದೆ.

ಈ ಮಾತುಗಳ ನಡುವೆಯೇ ಬರುವುದು ನಮ್ಮ ಯಾವ ವೇದಿಕೆಯಿಂದಲೂ ನಾನು ಕೇಳದ ಮಾತು: "ಯಾನ್ಯಸ್ಮಾಕಂ ಸುಚರಿತಾನಿ, ತಾನಿ ತ್ವಯೋಪಾಸ್ಯಾನಿ, ನೋ ಇತರಾಣಿ." ನಮ್ಮ ಒಳ್ಳೆಯ ನಡತೆಯನ್ನಷ್ಟೇ ಅನುಸರಿಸು, ಉಳಿದದ್ದನ್ನಲ್ಲ. ವರ್ಷಗಟ್ಟಲೆ ಒಂದೇ ಸೂರಿನಡಿ ಇದ್ದ ಶಿಷ್ಯ ತನ್ನ ಸಿಡುಕು, ಪಕ್ಷಪಾತ ಎಲ್ಲವನ್ನೂ ಕಂಡಿದ್ದಾನೆಂದು ತಿಳಿದೇ ಗುರು ಇದನ್ನು ಹೇಳಿರಬೇಕು. ಒಬ್ಬ ಕುಲಪತಿ ಎದ್ದು ನಿಂತು, "ನಮ್ಮ ವಿಶ್ವವಿದ್ಯಾಲಯದಲ್ಲಿ ಒಳ್ಳೆಯದೂ ಇತ್ತು, ಫಲಿತಾಂಶ ತಡವಾಗಿದ್ದು, ಅಂಕಪಟ್ಟಿಯಲ್ಲಿ ನಿಮ್ಮ ಅಪ್ಪನ ಹೆಸರು ತಪ್ಪಾಗಿದ್ದು, ಅತಿಥಿ ಉಪನ್ಯಾಸಕರಿಗೆ ಸಂಬಳ ಬಾರದೆ ನಿಮ್ಮ ಪಾಠ ನಿಂತದ್ದು, ಇವನ್ನೆಲ್ಲ ದಯವಿಟ್ಟು ಅನುಕರಿಸಬೇಡಿ" ಎನ್ನುವುದನ್ನು ಊಹಿಸಿಕೊಳ್ಳಿ! ಕರ್ಮದಲ್ಲೋ ನಡತೆಯಲ್ಲೋ ಸಂಶಯ ಬಂದರೆ ಏನು ಮಾಡಬೇಕೆಂಬುದಕ್ಕೂ ಗುರುವಿನ ಬಳಿ ಸಿದ್ಧಸೂತ್ರವಿಲ್ಲ. ಅಲ್ಲಿರುವ ವಿಚಾರವಂತರೂ ಕಠೋರರಲ್ಲದವರೂ ಆದ ಬ್ರಾಹ್ಮಣರು ಹೇಗೆ ನಡೆದುಕೊಳ್ಳುತ್ತಾರೋ ಹಾಗೆ ನಡೆದುಕೋ ಎಂದುಬಿಡುತ್ತಾನೆ. ಕಠೋರರಲ್ಲದವರು ಎಂಬ ಷರತ್ತು ನನಗೆ ಬಹಳ ಇಷ್ಟ. ಅದನ್ನು ಈಗಿನ ನೇಮಕಾತಿಗಳಿಗೂ ಅನ್ವಯಿಸಿದರೆ ಅನೇಕ ವಿಭಾಗಗಳಲ್ಲಿ ಹುದ್ದೆಗಳು ಈಗಿರುವುದಕ್ಕಿಂತ ಹೆಚ್ಚು ಖಾಲಿ ಬಿದ್ದಾವು.

ಇಂಥ ಗುರುವೂ ಮಾತು ಮುಗಿಸುವ ಕಡೆ ಮಾತ್ರ ನಮ್ಮ ಅತಿಥಿಗಳ ಪೂರ್ವಜನೇ. ಇದೇ ಆದೇಶ, ಇದೇ ಉಪದೇಶ, ಇದೇ ವೇದರಹಸ್ಯ, ಇದೇ ಅನುಶಾಸನ, ಹೀಗೆಯೇ ನಡೆಯಬೇಕು, ಹೌದು, ಹೀಗೆಯೇ ನಡೆಯಬೇಕು ಎಂದು ಒಂದೇ ಮಾತನ್ನು ಆರು ಬಗೆಯಲ್ಲಿ ಹೇಳಿದ ಮೇಲೆಯೇ ಅವನು ಸುಮ್ಮನಾಗುತ್ತಾನೆ. ಅಷ್ಟು ಹೊತ್ತಿಗೆ ಗಂಟುಮೂಟೆ ಕಟ್ಟಿಕೊಂಡಿದ್ದ ಶಿಷ್ಯ ಎಷ್ಟನೆಯ ಬಗೆಯವರೆಗೆ ಕಿವಿಗೊಟ್ಟನೋ, ಉಪನಿಷತ್ತು ಹೇಳುವುದಿಲ್ಲ.