ಸ್ಪಷ್ಟನೆ: ಕಾಡಲ್ಲಿ ಜಾಮ್ ಆದ ಟ್ರಾಕ್ಟರ್ ಎಳೆದರೆ ಸ್ಟಾರ್ಟ್ ಆಗುತ್ತದೆಯೇ?

ಪೊದೆಯೊಳಗೆ ವರ್ಷಗಟ್ಟಲೆ ಬಿದ್ದ ಟ್ರಾಕ್ಟರಿನ ಸೈಲೆನ್ಸರ್‌ಗೆ ಡೀಸೆಲ್ ಸುರಿದು, ಗೇರ್‌ಗೆ ಹಾಕಿ, ಇನ್ನೊಂದರಿಂದ ಎಳೆದರೆ ಐದೇ ನಿಮಿಷದಲ್ಲಿ ಎಂಜಿನ್ ಎದ್ದೇಳುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು, ಉಳಿದಿದ್ದ ಎಂಜಿನ್ನನ್ನೂ ಕೆಡಿಸುವ ದಾರಿ.

ಮೇಲ್ಮುಖ ಸೈಲೆನ್ಸರ್‌ಗೆ ಮುಚ್ಚಳವಿಲ್ಲದಿದ್ದರೆ ಮಳೆನೀರು ನೇರ ಇಳಿಯುತ್ತದೆ. ಎಕ್ಸಾಸ್ಟ್ ವಾಲ್ವ್ ತೆರೆದು ನಿಂತ ಸಿಲಿಂಡರಿನಲ್ಲಿ ಪಿಸ್ಟನ್ ರಿಂಗ್ ಲೈನರ್‌ಗೆ (ಸಿಲಿಂಡರಿನ ಒಳಗೋಡೆಗೆ) ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಸಾಮಾನ್ಯವಾಗಿ ಜಾಮ್ ಆಗಿರುವುದು ಆ ಒಂದೇ ಸಿಲಿಂಡರು. ಎಳೆದಾಗ ರಿಂಗ್ ಮುರಿಯುತ್ತದೆ. ಒಳಗೆ ಡೀಸೆಲ್ಲೋ ನೀರೋ ನಿಂತಿದ್ದರಂತೂ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಏಕೆಂದರೆ ದ್ರವವನ್ನು ಒತ್ತಿ ಕುಗ್ಗಿಸಲಾಗದು.

ಮೊದಲು ಸಂಪ್‌ನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಡ್ರೈನ್ ಬೋಲ್ಟ್ ಸಡಿಲಿಸಿ. ನೀರು ತಳದಲ್ಲಿರುವುದರಿಂದ ಆಯಿಲ್‌ಗಿಂತ ಮುಂಚೆ ಅದೇ ಬರುತ್ತದೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ, ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಆಯಿಲ್ (ಎಟಿಎಫ್) ಮತ್ತು ಅಸಿಟೋನ್ ಸಮಪಾಲು ಬೆರೆಸಿ, ಪ್ರತಿ ಸಿಲಿಂಡರಿಗೆ ಸುಮಾರು 50 ಮಿ.ಲೀ. ಹಾಕಿ ಕೆಲವು ದಿನ ಬಿಡಿ. ಬೀಡಿ, ಬೆಂಕಿ ಹತ್ತಿರ ಸುಳಿಯದಿರಲಿ. ಆಮೇಲೆ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಉದ್ದ ಪಾನಾ ಹಾಕಿ ಹಿಂದೆ-ಮುಂದೆ ಕೂದಲೆಳೆಯಷ್ಟೇ ಅಲ್ಲಾಡಿಸಿ. ಪೈಪ್ ಸೇರಿಸಿ ಜೋರು ಮಾಡಿದರೆ ಬೋಲ್ಟೇ ತುಂಡಾದೀತು. ಪೂರ್ತಿ ತಿರುಗಿದ ಮೇಲೆ, ಇಂಜೆಕ್ಟರ್ ಇಲ್ಲದೆಯೇ ಸುತ್ತಿಸಿ ದ್ರವ ಹೊರಹಾಕಿ. ಹೊಸ ಆಯಿಲ್, ಫಿಲ್ಟರ್, ತೊಳೆದ ಟ್ಯಾಂಕ್, ಏರ್ ತೆಗೆದ ಡೀಸೆಲ್ ಲೈನ್: ಸ್ಟಾರ್ಟಿಂಗ್ ಮಾತು ಇವೆಲ್ಲ ಆದಮೇಲೆ.

ಅದೇ ಸಂದೇಶದಲ್ಲಿ, ಮರ ಬೆಳೆಯುತ್ತಾ ಟ್ರಾಕ್ಟರನ್ನು ಆಕಾಶಕ್ಕೆ ಎತ್ತುತ್ತದೆ ಎಂದೂ ಇದೆ. ಅದೂ ತಪ್ಪು: ಮರ ಎತ್ತರವಾಗುವುದು ತುದಿಯಿಂದ. ಕಾಂಡ ದಪ್ಪವಾಗಿ ಕಬ್ಬಿಣವನ್ನು ನುಂಗುತ್ತದೆ. ಅಂಥ ಕಾಂಡಕ್ಕೆ ಚೈನ್‌ಸಾ ಹಾಕುವ ಮುನ್ನ ಒಳಗೆ ಲೋಹ ಎಲ್ಲಿಯವರೆಗೆ ಹೋಗಿದೆ ಎಂದು ನೋಡಿಕೊಳ್ಳಿ.